ಮದುವೆಗೂ ಇನ್ಶೂರೆನ್ಸ್ ಬೇಕಾ? ಮೊದಲು ರಸೀದಿ ಎಣಿಸಿ

ಬೆಳೆ ವಿಮೆ ಕಟ್ಟಿ ನಮಗೆ ಅಭ್ಯಾಸ ಇದೆ. ಮದುವೆಗೂ ವಿಮೆ ಇದೆ ಅಂದ್ರೆ ಮಾತ್ರ ಮನೆಯ ಹಿರಿಯರು ‘ಬಿಡ್ತು ಅನ್ನು’ ಅಂತಾರೆ. ಆದ್ರೆ ನಾಲ್ಕಾರು ಬೆಳೆಯ ದುಡ್ಡು ಎರಡೇ ದಿನದಲ್ಲಿ ಸುರಿಯುವ ಖರ್ಚು ಇದು. ಲೆಕ್ಕ ಹಾಕದೇ ಬಿಡೋ ಹಾಗಿಲ್ಲ.

ಯಲಹಂಕ ಪಕ್ಕದಲ್ಲಿರೋ ನಮ್ಮ ಚಿಕ್ಕಪ್ಪನ ಮಗ ಕಾರ್ತಿಕದಲ್ಲಿ ತಂಗಿ ಮದುವೆ ಇಟ್ಟುಕೊಂಡಿದ್ದಾನೆ. ‘ಅಕ್ಕಾ, ಪಾಲಿಸಿ ತಗೊಳ್ಳಲಾ?’ ಅಂತ ಕೇಳಿದ. ಭಯಕ್ಕೆ ಕಾರಣ ಇದೆ. 2021ರ ನವೆಂಬರ್‌ನಲ್ಲಿ, ಮತ್ತೆ 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರಕ್ಕೆ ಕೆರೆ ನೀರು ನುಗ್ಗಿ, ಜನರನ್ನು ದೋಣಿಯಲ್ಲಿ ಹೊರಗೆ ತಂದರು. ಮದುವೆ ದಿನವೇ ಛತ್ರದ ದಾರಿ ಹಾಗೆ ಮುಳುಗಿದರೆ?

ಬೆಳೆ ವಿಮೆಗೂ ಇದಕ್ಕೂ ವ್ಯತ್ಯಾಸ

ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ದ್ರಾಕ್ಷಿ, ದಾಳಿಂಬೆಯಂಥ ತೋಟದ ಬೆಳೆಗೆ ರೈತರು ಕಟ್ಟೋದು ವಿಮಾ ಮೊತ್ತದ ಹೆಚ್ಚೆಂದರೆ ಶೇ. 5. ಉಳಿದದ್ದು ಸರ್ಕಾರಗಳ ಪಾಲು. ಪರಿಹಾರ ಬರೋದು ಹವಾಮಾನ ಕೇಂದ್ರದ ಅಂಕಿ ನೋಡಿ. ಮದುವೆ ವಿಮೆಗೆ ಸಬ್ಸಿಡಿ ಇಲ್ಲ, ಪ್ರೀಮಿಯಂ ಪೂರ್ತಿ ನಿಮ್ಮದೇ. ಪರಿಹಾರ ಬರೋದು ನಿಮ್ಮ ಬಿಲ್ ನೋಡಿ. ಕೈಗೆ ಕೊಟ್ಟು ರಸೀದಿ ತಗೊಳ್ಳದ ದುಡ್ಡನ್ನು ಕ್ಲೇಮ್‌ನಲ್ಲಿ ತೋರಿಸೋದು ಕಷ್ಟ.

ಏನು ಸಿಗುತ್ತೆ, ಏನು ಸಿಗಲ್ಲ

ಬೆಂಕಿ, ಪ್ರವಾಹ, ವಧು-ವರ ಅಥವಾ ಹತ್ತಿರದ ಬಂಧುಗಳ ಸಾವು, ಅಪಘಾತ – ಇವುಗಳಿಂದ ಮದುವೆ ನಿಂತರೆ ಸಾಮಾನ್ಯವಾಗಿ ಕವರ್ ಇರುತ್ತೆ. ಹುಡುಗಿ ಒಲ್ಲೆ ಅಂದ್ರೆ, ಬೀಗರ ಮಧ್ಯೆ ಜಗಳ ಆಗಿ ಸಂಬಂಧ ಮುರಿದ್ರೆ ಸಿಗಲ್ಲ.

ನಮ್ಮ ಕಡೆ ಇನ್ನೊಂದು ಪ್ರಶ್ನೆ ಸೂತಕದ್ದು. ದಾಯಾದಿಗಳಲ್ಲಿ ಯಾರೋ ತೀರಿಕೊಂಡರೂ ಮುಹೂರ್ತ ಮುಂದಕ್ಕೆ ಹೋಗುತ್ತೆ. ಪಾಲಿಸಿಯ ‘ಹತ್ತಿರದ ಬಂಧು’ ಪಟ್ಟಿಯಲ್ಲಿ ದೊಡ್ಡಪ್ಪ ಇದ್ದಾರಾ? ಹಳೇ ಕಾಯಿಲೆ ಇರುವ ಅಜ್ಜಿಗೆ ಕವರ್ ಇದೆಯಾ? 2020ರ ಲಾಕ್‌ಡೌನ್ ತರಹದ ನಿರ್ಬಂಧ ಸೇರಿದೆಯಾ? ಈ ಮೂರನ್ನೂ ಏಜೆಂಟ್ ಬಾಯಲ್ಲಿ ಹೇಳಿದ್ರೆ ಸಾಲದು, ಪಾಲಿಸಿಯಲ್ಲಿ ಬರೆದಿರೋ ಜಾಗ ತೋರಿಸೋಕೆ ಹೇಳಿ.

ನಾವು ಹಾಕಿದ ಲೆಕ್ಕ

ಅವನ ಒಟ್ಟು ಅಡ್ವಾನ್ಸ್ 4 ಲಕ್ಷ. ಅದರಲ್ಲಿ ಛತ್ರದ್ದು ಒಂದೂವರೆ ಲಕ್ಷ. ‘ದಿನ ಬದಲಾದರೆ ಈ ದುಡ್ಡು ಮುಂದಿನ ತಾರೀಖಿಗೆ ಹೊಂದಿಸ್ತೀರಾ?’ ಅಂತ ಕೇಳಿದ್ವಿ. ಮಾಲೀಕರು ಒಪ್ಪಿ ರಸೀದಿ ಹಿಂದೆ ಬರೆದುಕೊಟ್ಟರು. ಒಂದು ಪೈಸೆ ಪ್ರೀಮಿಯಂ ಇಲ್ಲದೇ ಅಷ್ಟು ಭಾರ ಇಳೀತು. ಅಡುಗೆಯವರು, ಪೆಂಡಾಲ್, ಫೋಟೋದವರಿಗೆ ಕೊಟ್ಟಿದ್ದು ಎರಡೂವರೆ ಲಕ್ಷ. ಅದಕ್ಕೆಲ್ಲ ಬಿಲ್ ಬರೆಸಿಕೊಂಡ, ಬಾಕಿಯನ್ನು ಯುಪಿಐನಲ್ಲೇ ಕೊಡ್ತಾನೆ. ಈಗ ಅವನು ಕೊಟೇಶನ್ ಕೇಳ್ತಿರೋದು ಈ ಎರಡೂವರೆ ಲಕ್ಷಕ್ಕೆ ಮಾತ್ರ, ಇಡೀ ಮದುವೆ ಖರ್ಚಿಗಲ್ಲ.

ನೀವು ಹೇಗೆ ನಿರ್ಧರಿಸಬೇಕು?

ಮನೆ ಮುಂದೆ ಚಪ್ಪರ, ಮನೆ ಅಕ್ಕಿ, ಊರವರೇ ಅಡುಗೆ ಅಂದ್ರೆ ಪಾಲಿಸಿ ಬೇಡ. ವಾಪಸ್ ಬಾರದ, ಬಿಲ್ ಇರುವ ಅಡ್ವಾನ್ಸ್ ನಿಮ್ಮ ಒಂದು ಬೆಳೆಯ ಲಾಭಕ್ಕಿಂತ ಜಾಸ್ತಿ ಇದ್ರೆ ಎರಡು ಕಂಪನಿಗಳ ಕೊಟೇಶನ್ ತಗೊಳ್ಳಿ. ಮಾಡಿಸೋದಾದ್ರೆ ಅಡ್ವಾನ್ಸ್ ಕೊಟ್ಟ ವಾರದಲ್ಲೇ ಮಾಡಿಸಿ. ಮೋಡ ಕಟ್ಟಿದ ಮೇಲೆ ಓಡಾಡಿ ಪ್ರಯೋಜನ ಇಲ್ಲ. ಬಿಲ್‌ಗಳ ಫೋಟೋ ತೆಗೆದು ಮೊಬೈಲ್‌ನಲ್ಲಿ ಒಂದೇ ಫೋಲ್ಡರ್‌ಗೆ ಹಾಕಿಡಿ. ಪಾಲಿಸಿ ತಗೊಂಡರೂ, ಬಿಟ್ಟರೂ ಅಡ್ವಾನ್ಸ್ ವಾಪಸ್ ಕೇಳೋಕೆ ಅದೇ ಆಧಾರ.