ಶಿಶುವೈದ್ಯ ಸಂಶೋಧನೆಗೆ ಧನಸಹಾಯ: ತಜ್ಞಮಂಡಲಿಯ ವಿವೇಚನಾಕ್ರಮ

ಹೈದರಾಬಾದಿನಿಂದ ಹುಮನಾಬಾದಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ನಗರವನ್ನು ದಾಟುವಾಗ ಸಿಗುವ ಊರು ಪಟಾನ್‌ಚೆರು. ಬೀದರ, ಕಲಬುರಗಿಗಳ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕನ್ನಡಿಗರಿಗೆ ಅದು ತವರಿನ ದಾರಿಯ ಗುರುತು. ಅರೆಶುಷ್ಕ ಉಷ್ಣವಲಯದ ಬೆಳೆಗಳನ್ನು ಕುರಿತ ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆ, ಎಂದರೆ ‘ಇಕ್ರಿಸ್ಯಾಟ್’, 1972ರಲ್ಲಿ ಸ್ಥಾಪಿತವಾದುದು ಅಲ್ಲಿಯೇ. ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಇವು ಆ ಸಂಸ್ಥೆ ಕೈಕೊಂಡ ಮುಖ್ಯ ಬೆಳೆಗಳು. ಇವೇ ನಮ್ಮ ಬಯಲುಸೀಮೆಯ ಅಡಿಗೆಮನೆಯ ಧಾನ್ಯಗಳೂ ಹೌದು. ಅಲ್ಲಿಯ ವಿಜ್ಞಾನಿಗಳೂ ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದವರೂ ಕೂಡಿ ಕಬ್ಬಿಣಾಂಶ ಹೆಚ್ಚಾಗಿರುವ ‘ಧನಶಕ್ತಿ’ ಎಂಬ ಸಜ್ಜೆಯ ತಳಿಯನ್ನು ಸಿದ್ಧಪಡಿಸಿದರು. 2012ರಲ್ಲಿ ಅದು ಮಹಾರಾಷ್ಟ್ರದಲ್ಲಿ ಬಿತ್ತನೆಗೆ ಬಿಡುಗಡೆಯಾಯಿತು.

ಕಾಳಿನಲ್ಲಿ ಕಬ್ಬಿಣ ಹೆಚ್ಚಿದೆಯೆಂದು ತಳಿವಿಜ್ಞಾನಿ ತೋರಿಸಬಲ್ಲನು. ಆದರೆ ಆ ಕಾಳಿನ ರೊಟ್ಟಿಯನ್ನು ತಿಂದ ಮಗುವಿನ ರಕ್ತಕ್ಕೆ ಆ ಕಬ್ಬಿಣ ಸೇರುವುದೇ ಎಂಬುದನ್ನು ಹೊಲದಲ್ಲಿ ನಿಂತು ಹೇಳಲಾಗದು. ಅದನ್ನು ಮಕ್ಕಳಲ್ಲಿಯೇ ಪರೀಕ್ಷಿಸಿ ನೋಡಬೇಕು. ಪರೀಕ್ಷೆಗೆ ಹಣ ಬೇಕು. ಹಣಕ್ಕೆ ಅರ್ಜಿ ಬೇಕು. ಅರ್ಜಿಯನ್ನು ತೂಗಿ ನೋಡುವುದಕ್ಕೆ ಬಲ್ಲವರ ಮಂಡಲಿಯೊಂದು ಬೇಕು. ಈ ಮಂಡಲಿಯು ಹೇಗೆ ವಿಚಾರಿಸುತ್ತದೆ, ಯಾವುದನ್ನು ಗಮನಿಸುತ್ತದೆ, ಎಲ್ಲಿ ಎಡವುತ್ತದೆ ಎಂಬುದು ವಿಜ್ಞಾನಿಗಳ ವಲಯದ ಹೊರಗೆ ಅಷ್ಟಾಗಿ ತಿಳಿದಿಲ್ಲ. ತಿಳಿದಿರಬೇಕಾದ ವಿಷಯವಂತೂ ಹೌದು. ಏಕೆಂದರೆ ಅದರ ತೀರ್ಮಾನದ ಫಲವನ್ನುಣ್ಣುವವರು ನಮ್ಮ ನಿಮ್ಮ ಮನೆಗಳ ಮಕ್ಕಳು.

ಮೊದಲು ಮಂಡಲಿಯ ಕಾರ್ಯಕ್ರಮವನ್ನು ನೋಡೋಣ. ಭಾರತದಲ್ಲಿ ವೈದ್ಯ ಸಂಶೋಧನೆಗೆ ಹಣ ನೀಡುವ ಹಳೆಯ ಸಂಸ್ಥೆ ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು. 1911ರಲ್ಲಿ ಬೇರೆ ಹೆಸರಿನಿಂದ ಹುಟ್ಟಿದ ಅದು 1949ರಲ್ಲಿ ಈಗಿನ ಹೆಸರನ್ನು ತಳೆಯಿತು. 1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ 1958ರಲ್ಲಿ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೋಷಣ ಸಂಸ್ಥೆಯು ಈ ಪರಿಷತ್ತಿನದೇ ಶಾಖೆ. ಇದಲ್ಲದೆ ಭಾರತ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಇಂಗ್ಲೆಂಡಿನ ವೆಲ್‌ಕಮ್ ಟ್ರಸ್ಟೂ ಕೂಡಿ 2008ರಲ್ಲಿ ಸ್ಥಾಪಿಸಿದ ‘ಇಂಡಿಯಾ ಅಲಯನ್ಸ್’ ಸಂಸ್ಥೆಯ ಕಚೇರಿ ಇರುವುದು ಹೈದರಾಬಾದಿನಲ್ಲಿಯೇ. ಅಲ್ಲಿ ಅರ್ಜಿಯು ಹಲವು ಜರಡಿಗಳಲ್ಲಿ ಹಾಯಬೇಕು. ಮೊದಲು ಸಂಕ್ಷಿಪ್ತ ಮನವಿ. ಅದು ಒಪ್ಪಿತವಾದರೆ ಸವಿಸ್ತರವಾದ ಅರ್ಜಿ. ಬಳಿಕ ಅದೇ ವಿಷಯವನ್ನು ಬಲ್ಲ ಹೊರಗಿನ ವಿದ್ವಾಂಸರ ಲಿಖಿತ ವಿಮರ್ಶೆ. ಕೊನೆಗೆ ಸಮಿತಿಯ ಮುಂದೆ ಸಂದರ್ಶನ.

ಈ ಪದ್ಧತಿಯನ್ನು ಅತ್ಯಂತ ವಿಸ್ತಾರವಾಗಿ ಬೆಳೆಸಿರುವುದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು. ಅಲ್ಲಿ ಒಂದೊಂದು ಅರ್ಜಿಯನ್ನೂ ಸಾಮಾನ್ಯವಾಗಿ ಮೂವರು ಸದಸ್ಯರಿಗೆ ಒಪ್ಪಿಸುತ್ತಾರೆ. ಅವರು ಸಭೆಗೆ ಮುಂಚೆಯೇ ಅದನ್ನು ಓದಿ, ಬರೆದು, 1ರಿಂದ 9ರವರೆಗಿನ ಅಂಕದಲ್ಲಿ ಬೆಲೆ ಕಟ್ಟುತ್ತಾರೆ. ಇಲ್ಲಿ 1 ಎಂಬುದು ಶ್ರೇಷ್ಠ, 9 ಎಂಬುದು ಕನಿಷ್ಠ. ಈ ಮೊದಲ ಅಂಕಗಳಲ್ಲಿ ಹಿಂದುಳಿದ, ಸುಮಾರು ಅರ್ಧದಷ್ಟು ಅರ್ಜಿಗಳು ಸಭೆಯಲ್ಲಿ ಚರ್ಚೆಗೇ ಬರುವುದಿಲ್ಲ. ಉಳಿದವುಗಳ ಗುಣದೋಷಗಳನ್ನು ಆ ಮೂವರು ಸಭೆಗೆ ವಿವರಿಸುತ್ತಾರೆ. ಮಿಕ್ಕ ಸದಸ್ಯರು ಪ್ರಶ್ನಿಸುತ್ತಾರೆ. ಆಮೇಲೆ ಪ್ರತಿಯೊಬ್ಬರೂ ಗುಟ್ಟಾಗಿ ಅಂಕ ಕೊಡುತ್ತಾರೆ. ಅವುಗಳ ಸರಾಸರಿಯನ್ನು 10ರಿಂದ ಗುಣಿಸಿದರೆ ಬರುವುದೇ ಅರ್ಜಿಯ ಅಂತಿಮ ಅಂಕ. ಅರ್ಜಿದಾರನೊಡನೆ ಕೆಲಸದ ಅಥವಾ ಹಣದ ಸಂಬಂಧವುಳ್ಳ ಸದಸ್ಯನು ಆ ಹೊತ್ತಿಗೆ ಸಭೆಯಿಂದ ಹೊರಗೆ ಹೋಗಬೇಕು. ಇಷ್ಟಾದರೂ ಹಣ ಮಂಜೂರಾಯಿತೆಂದಲ್ಲ. ಎರಡನೆಯ ಮಟ್ಟದ ಸಲಹಾ ಮಂಡಲಿಯೊಂದು ಈ ಅಂಕಗಳ ಜೊತೆಗೆ ದೇಶದ ಅಗತ್ಯವನ್ನೂ ಗಮನಿಸುತ್ತದೆ. ಗುಣವನ್ನು ಅಳೆಯುವವರು ಬೇರೆ, ಹಣ ಕೊಡುವವರು ಬೇರೆ ಎಂಬುದೇ ಈ ಏರ್ಪಾಡಿನ ತಿರುಳು.

ಇದುವರೆಗೆ ಹೇಳಿದುದು ಎಲ್ಲ ಸಂಶೋಧನೆಗೂ ಸಮಾನವಾದುದು. ಮಕ್ಕಳ ವಿಷಯಕ್ಕೆ ಬಂದಾಗ ಇದರಲ್ಲಿ ಒಂದು ವಿಶೇಷ ಸೇರಿಕೊಳ್ಳುತ್ತದೆ. ಬ್ಯಾಂಕಿನಲ್ಲಿ ಸಾಲದ ಅರ್ಜಿಯನ್ನು ಪರಿಶೀಲಿಸುವಾಗ ನಷ್ಟ ಯಾರ ತಲೆಯ ಮೇಲೆ ಬೀಳುವುದೆಂಬುದು ಸ್ಪಷ್ಟ. ಸಾಲಗಾರನೂ ಜಾಮೀನುದಾರನೂ ಕಾಗದಕ್ಕೆ ರುಜು ಹಾಕಿದವರೇ. ಶಿಶುವೈದ್ಯ ಸಂಶೋಧನೆಯಲ್ಲಿ ಅರ್ಜಿ ಬರೆದವನು ಒಬ್ಬ, ಹಣ ಕೊಡುವವನು ಒಬ್ಬ, ತೂಗಿ ನೋಡುವವನು ಮತ್ತೊಬ್ಬ. ಸೂಜಿ ಚುಚ್ಚಿಸಿಕೊಳ್ಳುವ ಮಗುವಾದರೋ ಇವರಾರೂ ಅಲ್ಲ. ಅದು ರುಜು ಹಾಕದು, ಸಭೆಗೆ ಬಾರದು, ಪ್ರಶ್ನೆ ಕೇಳದು. ಆದುದರಿಂದ ಅದರ ಪ್ರಶ್ನೆಗಳನ್ನೂ ಮಂಡಲಿಯೇ ಕೇಳಬೇಕಾಗುತ್ತದೆ.

ಆ ಪ್ರಶ್ನೆಗಳೆಂಥವು? ಸಜ್ಜೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕಬ್ಬಿಣ ಮತ್ತು ಸತುವಿನ ಅಂಶ ಹೆಚ್ಚಿಸಿದ ಸಜ್ಜೆಯನ್ನು ಬೆಳಗಾವಿಯ ಪ್ರದೇಶದ ಸುಮಾರು 2 ವರ್ಷದ 40 ಮಕ್ಕಳಿಗೆ ಉಣಿಸಿ ನಡೆಸಿದ ಅಧ್ಯಯನವೊಂದರ ವರದಿ 2013ರಲ್ಲಿ ಪ್ರಕಟವಾಯಿತು. ಇಂಥ ಅರ್ಜಿಯೊಂದು ಮಂಡಲಿಯ ಮುಂದೆ ಬಂದಿತೆಂದು ಭಾವಿಸಿದರೆ, ಮೊದಲ ಪ್ರಶ್ನೆ: ಇದನ್ನು ದೊಡ್ಡವರಲ್ಲಿ ಪರೀಕ್ಷಿಸಿದರೆ ಸಾಲದೆ? ಸಾಲದು. ಬೆಳೆಯುವ ಮಗುವಿಗೆ ಬೇಕಾದ ಕಬ್ಬಿಣದ ಪ್ರಮಾಣವೂ ಅದು ಉಣ್ಣುವ ತುತ್ತಿನ ಗಾತ್ರವೂ ಬೇರೆ. ದೊಡ್ಡವರ ಲೆಕ್ಕವನ್ನು ಭಾಗಿಸಿ ಮಗುವಿನ ಲೆಕ್ಕವನ್ನು ಪಡೆಯಲಾಗದು. ಎರಡನೆಯದು: ಹೀರಿಕೆಯನ್ನು ಅಳೆಯುವುದು ಹೇಗೆ, ಅದರಿಂದ ತೊಂದರೆ ಎಷ್ಟು? ಆಹಾರದಲ್ಲಿ ಕಬ್ಬಿಣದ ವಿಶಿಷ್ಟ ಸಮಸ್ಥಾನಿಯನ್ನು ಗುರುತಿಗಾಗಿ ಬೆರೆಸಿ, ಕೆಲವು ದಿನಗಳ ನಂತರ ರಕ್ತದ ಕೆಂಪು ಕಣಗಳಲ್ಲಿ ಅದು ಎಷ್ಟು ಸೇರಿದೆಯೆಂದು ನೋಡುವ ಕ್ರಮವಿದೆ. ಇವು ಸ್ಥಿರ ಸಮಸ್ಥಾನಿಗಳು, ವಿಕಿರಣ ಸೂಸುವವಲ್ಲ. ಆದರೆ ರಕ್ತವನ್ನಂತೂ ತೆಗೆಯಬೇಕು. ಎಷ್ಟು ಸಲ, ಎಷ್ಟು ಪ್ರಮಾಣ, ಯಾರ ಕೈಯಿಂದ ಎಂಬುದನ್ನು ಅರ್ಜಿಯಲ್ಲಿ ಬರೆದಿರಬೇಕು.

ಮೂರನೆಯದು ಮಕ್ಕಳ ಸಂಖ್ಯೆ. ಇದು ಗಣಿತದ ಪ್ರಶ್ನೆಯಂತೆ ಕಂಡರೂ ನೀತಿಯ ಪ್ರಶ್ನೆಯೂ ಹೌದು. ಬೇಕಾದುದಕ್ಕಿಂತ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡರೆ ವ್ಯರ್ಥವಾಗಿ ಕೆಲವರನ್ನು ನೋಯಿಸಿದಂತೆ. ಕಡಿಮೆಯಾದರೆ ಫಲಿತಾಂಶ ಖಚಿತವಾಗದೆ ಎಲ್ಲರ ನೋವೂ ವ್ಯರ್ಥವಾದಂತೆ. ಆದುದರಿಂದಲೇ ಸಂಖ್ಯಾಶಾಸ್ತ್ರಜ್ಞನು ಇಂಥ ಮಂಡಲಿಯಲ್ಲಿ ಇರತಕ್ಕವನು. ನಾಲ್ಕನೆಯದು: ಅಧ್ಯಯನದಲ್ಲಿ ರಕ್ತಹೀನತೆ ಕಂಡುಬಂದ ಮಗುವಿಗೆ ಚಿಕಿತ್ಸೆ ಏನು, ವೆಚ್ಚ ಯಾರದು? ಇದಕ್ಕೆ ಉತ್ತರವಿಲ್ಲದ ಅರ್ಜಿಯು ವಿಜ್ಞಾನದ ದೃಷ್ಟಿಯಿಂದ ಎಷ್ಟು ಸೊಗಸಾಗಿದ್ದರೂ ಅಪೂರ್ಣವೇ.

ಬೆಳಗಾವಿಯ ಅಧ್ಯಯನದಲ್ಲಿ ಸಾಧಾರಣ ಸಜ್ಜೆಯಿಂದ ದಿನಕ್ಕೆ ಸರಾಸರಿ 0.23 ಮಿಲಿಗ್ರಾಂ ಕಬ್ಬಿಣ ಹೀರಲ್ಪಟ್ಟಿದ್ದರೆ, ಹೊಸ ಸಜ್ಜೆಯಿಂದ 0.67 ಮಿಲಿಗ್ರಾಂ ಹೀರಲ್ಪಟ್ಟಿತ್ತು. ಮಹಾರಾಷ್ಟ್ರದ ಅಹಮದನಗರ ಜಿಲ್ಲೆಯಲ್ಲಿ 12ರಿಂದ 16 ವರ್ಷದ 246 ವಿದ್ಯಾರ್ಥಿಗಳಿಗೆ 6 ತಿಂಗಳು ಭಕ್ರಿ ಉಣಿಸಿ ನಡೆಸಿದ ಪರೀಕ್ಷೆಯ ವರದಿ 2015ರಲ್ಲಿ ಬಂದಿತು. ಅಲ್ಲಿಯೂ ಫಲ ಅನುಕೂಲವಾಗಿಯೇ ಇದ್ದಿತು. ಆದರೆ ಮುಂಬಯಿಯ ಕೊಳೆಗೇರಿಗಳಲ್ಲಿ 12ರಿಂದ 18 ತಿಂಗಳ 223 ಶಿಶುಗಳಲ್ಲಿ 9 ತಿಂಗಳು ನಡೆಸಿ 2022ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಟ್ಟಾರೆಯಾಗಿ ಕಬ್ಬಿಣದ ಸ್ಥಿತಿಯಲ್ಲಾಗಲಿ ಬೆಳವಣಿಗೆಯಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದನ್ನು ಸೋಲೆಂದು ಬಗೆಯುವುದು ತಪ್ಪು. ಶಾಲೆಗೆ ಹೋಗುವ ಮಗುವಿಗೆ ಫಲಿಸಿದುದು ಹಾಲುಗೂಸಿಗೆ ಅಷ್ಟೇ ಫಲಿಸಬೇಕೆಂದಿಲ್ಲವೆಂಬ ಅರಿವೂ ಅರಿವೇ. ಅನುಕೂಲ ಫಲವನ್ನು ಮುಂಚೆಯೇ ವಾಗ್ದಾನ ಮಾಡುವ ಅರ್ಜಿಗಿಂತ, ಯಾವ ಫಲ ಬಂದರೂ ನಂಬಬಹುದಾದಂತೆ ಹೆಣೆದ ಅರ್ಜಿಯನ್ನು ಮೆಚ್ಚುವುದು ಮಂಡಲಿಯ ಪ್ರೌಢಿಮೆಗೆ ಗುರುತು.

ಧನಸಹಾಯದ ಮಂಡಲಿಯ ಜೊತೆಗೆ ನೀತಿ ಸಮಿತಿಯೆಂಬ ಇನ್ನೊಂದು ಸಭೆ ಏಕೆ ಬೇಕಾಯಿತೆಂಬುದಕ್ಕೆ ಚರಿತ್ರೆಯಲ್ಲಿ ಕಾರಣವಿದೆ. ನ್ಯೂಯಾರ್ಕಿನ ವಿಲೋಬ್ರೂಕ್ ಎಂಬ ಸರಕಾರಿ ಶಾಲೆಯಲ್ಲಿ 1950ರ ದಶಕದಿಂದ ಬುದ್ಧಿಮಾಂದ್ಯವುಳ್ಳ ಮಕ್ಕಳಿಗೆ ಕಾಮಾಲೆಯ ಸೋಂಕನ್ನು ಬೇಕೆಂದೇ ತಗುಲಿಸಿ ಅಧ್ಯಯನ ಮಾಡಿದ್ದರು. ಅದಕ್ಕೆ ಹಣ ಕೊಟ್ಟವರು ಪ್ರತಿಷ್ಠಿತರೇ, ಮಾಡಿದವರೂ ವಿದ್ವಾಂಸರೇ. 1966ರಲ್ಲಿ ಹಾರ್ವರ್ಡಿನ ವೈದ್ಯ ಹೆನ್ರಿ ಬೀಚರ್ ಇಂಥ 22 ಉದಾಹರಣೆಗಳನ್ನು ಬರೆದು ಪ್ರಕಟಿಸಿದರು. ಅದೇ ವರ್ಷ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯು, ಮನುಷ್ಯರನ್ನು ಕುರಿತ ಸಂಶೋಧನೆಗೆ ಹಣ ಬೇಕಾದರೆ ಸಂಸ್ಥೆಯ ಸಮಿತಿಯೊಂದು ಅದನ್ನು ಮುಂಚಿತವಾಗಿ ಪರಿಶೀಲಿಸಿರಬೇಕೆಂದು ವಿಧಿಸಿತು. ವಿದ್ವತ್ತು ಮಗುವಿಗೆ ತಾನಾಗಿಯೇ ರಕ್ಷಣೆ ನೀಡದೆಂಬುದನ್ನು ಕಂಡುಕೊಂಡ ಮೇಲೆ ಹುಟ್ಟಿದ ಕಟ್ಟಳೆಯಿದು.

ನಮ್ಮಲ್ಲಿ ಪರಿಷತ್ತು 2017ರಲ್ಲಿ ಮನುಷ್ಯರನ್ನು ಕುರಿತ ಸಂಶೋಧನೆಗೆಲ್ಲ ಸಾಮಾನ್ಯ ಸೂತ್ರಗಳನ್ನೂ ಮಕ್ಕಳಿಗೆ ಪ್ರತ್ಯೇಕ ಸೂತ್ರಗಳನ್ನೂ ಹೊರಡಿಸಿತು. ಅವುಗಳಂತೆ ನೀತಿ ಸಮಿತಿಯಲ್ಲಿ 7ರಿಂದ 15 ಸದಸ್ಯರು, ಅಧ್ಯಕ್ಷರು ಹೊರಗಿನವರು, ವೈದ್ಯರಲ್ಲದೆ ಕಾನೂನು ಬಲ್ಲವರೂ ಸಮಾಜಶಾಸ್ತ್ರ ಬಲ್ಲವರೂ ಜನಸಾಮಾನ್ಯರ ಪ್ರತಿನಿಧಿಯೊಬ್ಬರೂ ಇರಬೇಕು. ಮಗುವಿನ ವಿಷಯದಲ್ಲಿ ತಂದೆತಾಯಿಗಳ ಸಮ್ಮತಿಯಷ್ಟೇ ಸಾಲದು. 7ರಿಂದ 12 ವರ್ಷದ ಮಗುವಿಗೆ ತಿಳಿಯುವಂತೆ ಹೇಳಿ ಅದರ ಬಾಯಿಮಾತಿನ ಒಪ್ಪಿಗೆ ಪಡೆಯಬೇಕು. 12 ದಾಟಿದವರಿಂದ ಲಿಖಿತ ಒಪ್ಪಿಗೆ ಬೇಕು.

ಸಮ್ಮತಿಯೆಂಬುದು ಕಾಗದದ ಶಾಸ್ತ್ರವಾದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2009ರಲ್ಲಿ ಆಗಿನ ಆಂಧ್ರಪ್ರದೇಶದ, ಈಗ ತೆಲಂಗಾಣಕ್ಕೆ ಸೇರಿದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರದಲ್ಲಿಯೂ 10ರಿಂದ 14 ವರ್ಷದ ಬಾಲೆಯರಿಗೆ ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವ ಲಸಿಕೆಯನ್ನು ‘ಪ್ರದರ್ಶನ ಯೋಜನೆ’ ಎಂಬ ಹೆಸರಿನಲ್ಲಿ ಹಾಕಲಾಯಿತು. ಕೆಲವು ಬಾಲೆಯರ ಮರಣದ ಸುದ್ದಿ ಹಬ್ಬಿ, 2010ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಅದನ್ನು ನಿಲ್ಲಿಸಿತು. ಮರಣಗಳಿಗೆ ಲಸಿಕೆ ಕಾರಣವಾಗಿರಲಾರದೆಂಬುದು ವಿಚಾರಣೆಯಿಂದ ತಿಳಿದುಬಂದಿತು. ಲಸಿಕೆಯ ಉಪಯುಕ್ತತೆಯೂ ಲೋಕಸಮ್ಮತವಾದುದೇ. ಆದರೆ ವಿಚಾರಣೆಯಲ್ಲಿ ಹೊರಬಿದ್ದ ಇನ್ನೊಂದು ಸಂಗತಿ ಇದು: ಅನೇಕ ಸಮ್ಮತಿಪತ್ರಗಳಿಗೆ ರುಜು ಹಾಕಿದವರು ತಂದೆತಾಯಿಗಳಲ್ಲ, ವಿದ್ಯಾರ್ಥಿನಿಲಯಗಳ ಮೇಲ್ವಿಚಾರಕರು. 2013ರ ಆಗಸ್ಟಿನಲ್ಲಿ ಸಂಸತ್ತಿನ ಸ್ಥಾಯೀ ಸಮಿತಿಯು ಈ ವ್ಯವಹಾರವನ್ನು ಕಟುವಾಗಿ ಖಂಡಿಸಿತು. ಒಳ್ಳೆಯ ಔಷಧವೂ ಕೆಟ್ಟ ಕ್ರಮದಿಂದ ಜನರ ನಂಬಿಕೆಯನ್ನು ಕಳೆದುಕೊಳ್ಳುವುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಇನ್ನು ಮಂಡಲಿಗಳ ಮಿತಿಯ ವಿಚಾರ. ತಜ್ಞರ ತೀರ್ಪು ತಕ್ಕಡಿಯಂತೆ ನಿಷ್ಪಕ್ಷಪಾತವಾದುದೆಂದು ತಿಳಿದರೆ ತಪ್ಪಾದೀತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ 150 ಅರ್ಜಿಗಳನ್ನು ಬೇರೆ ತಜ್ಞರಿಂದ ಮತ್ತೆ ಪರಿಶೀಲಿಸಿದಾಗ ಸುಮಾರು ಕಾಲುಭಾಗದ ತೀರ್ಮಾನಗಳು ಅದಲುಬದಲಾದುವೆಂದು 1981ರ ಅಧ್ಯಯನವೊಂದು ತೋರಿಸಿತು. 1997ರಲ್ಲಿ ಸ್ವೀಡನ್ನಿನ ಇಬ್ಬರು ವಿದುಷಿಯರು, ಅಲ್ಲಿಯ ವೈದ್ಯಕೀಯ ಸಂಶೋಧನ ಮಂಡಲಿಯಲ್ಲಿ ಪುರುಷನಿಗೆ ಸಮನಾದ ಅಂಕ ಪಡೆಯಲು ಮಹಿಳೆಯು ಅವನ ಎರಡೂವರೆ ಪಟ್ಟು ಸಾಧನೆ ತೋರಿಸಬೇಕಾಗಿತ್ತೆಂದು ಲೆಕ್ಕ ಹಾಕಿ ತೋರಿಸಿದರು. 2018ರಲ್ಲಿ 43 ವಿಮರ್ಶಕರಿಗೆ 25 ಅರ್ಜಿಗಳನ್ನು ಹಂಚಿ ನೋಡಿದಾಗ, ಒಂದೇ ಅರ್ಜಿಯ ಬಗೆಗೆ ಅವರಲ್ಲಿ ಒಮ್ಮತವೆಂಬುದೇ ಕಾಣಲಿಲ್ಲ. ಇದನ್ನರಿತ ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು 2021ರಿಂದ, ಗುಣದಲ್ಲಿ ಸಮಸಮವಾಗಿ ನಿಂತ ಅರ್ಜಿಗಳ ನಡುವೆ ಚೀಟಿಯೆತ್ತುವ ಪದ್ಧತಿಯನ್ನೂ ಅಂಗೀಕರಿಸಿದೆ.

ಹಾಗೆಂದು ಮಂಡಲಿಗಳೇ ಬೇಡವೆನ್ನುವುದು ಅವಿವೇಕ. ಎರಡು ಒಳ್ಳೆಯ ಅರ್ಜಿಗಳಲ್ಲಿ ಯಾವುದು ಮೇಲೆಂಬುದನ್ನು ಹೇಳುವಲ್ಲಿ ಅವು ತಪ್ಪಬಹುದು. ಆದರೆ ಮಗುವಿನಿಂದ ಅನವಶ್ಯವಾಗಿ ರಕ್ತ ತೆಗೆಯುವ, ಚಿಕಿತ್ಸೆಗೆ ಏರ್ಪಾಡು ಮಾಡದ, ತಾಯಿಗೆ ತಿಳಿಯದ ಭಾಷೆಯಲ್ಲಿ ಸಮ್ಮತಿ ಬರೆಸಿಕೊಳ್ಳುವ ಅರ್ಜಿಯನ್ನು ಗುರುತಿಸಲು ಅಂಥ ಸೂಕ್ಷ್ಮ ತಕ್ಕಡಿಯೇನೂ ಬೇಕಾಗಿಲ್ಲ, ಕೇಳುವವರಿದ್ದರೆ ಸಾಕು.

ಕೊನೆಯ ಮಾತು ಭಾಷೆಗೆ ಸಂಬಂಧಿಸಿದುದು. ಪಟಾನ್‌ಚೆರುವಿನಂತಹ ಕೈಗಾರಿಕೆಯ ಊರಿನಲ್ಲಿ ತೆಲುಗಿನೊಡನೆ ಕನ್ನಡ, ಮರಾಠಿ, ಉರ್ದು, ಹಿಂದಿಗಳನ್ನಾಡುವ ಕುಟುಂಬಗಳೂ ಬಾಳುತ್ತವೆ. ಸಮ್ಮತಿಪತ್ರವು ತಾಯಿಗೆ ತಿಳಿಯುವ ಭಾಷೆಯಲ್ಲಿರಬೇಕೆಂಬುದು ಸೂತ್ರ. ಆ ಕನ್ನಡವು ಬೀದರದ ಕಡೆಯ ಕೂಲಿ ಹೆಂಗಸಿಗೆ ಅರ್ಥವಾಗುವ ಕನ್ನಡವೇ ಎಂದು ಓದಿ ನೋಡುವವರು ಯಾರು? ನೀತಿ ಸಮಿತಿಯಲ್ಲಿ ಜನಸಾಮಾನ್ಯರ ಪ್ರತಿನಿಧಿಗೆಂದು ಇರುವ ಸ್ಥಾನಕ್ಕೆ ವೈದ್ಯಶಾಸ್ತ್ರದ ಪಾಂಡಿತ್ಯ ಬೇಡ; ಓದು, ವಿವೇಕ ಮತ್ತು ಬಿಡುವು ಬೇಕು. ಪರಊರಿನಲ್ಲಿ ನೆಲೆಸಿದ ವಿದ್ಯಾವಂತ ಕನ್ನಡಿಗರಲ್ಲಿ ಈ ಮೂರೂ ಉಳ್ಳವರು ಕಡಿಮೆಯಿಲ್ಲ. ಅಧ್ಯಾಪಕರು, ವಕೀಲರು, ನಿವೃತ್ತ ಅಧಿಕಾರಿಗಳು ತಮ್ಮ ಊರಿನ ಆಸ್ಪತ್ರೆಗಳ, ವೈದ್ಯಕೀಯ ಕಾಲೇಜುಗಳ ಸಮಿತಿಗಳಲ್ಲಿ ಈ ಸೇವೆಗೆ ಮುಂದಾದರೆ, ಸಭೆಗೆ ಬಾರದ ಮಗುವಿನ ಪರವಾಗಿ, ಅದರ ತಾಯಿಯ ನುಡಿಯಲ್ಲಿ, ಪ್ರಶ್ನೆ ಕೇಳುವವರೊಬ್ಬರು ಅಲ್ಲಿ ಇದ್ದಂತಾಗುವುದು.