ಪಂಚನಹಳ್ಳಿಯಿಂದ ನಾಡಿನ ಕಿವಿಗೆ: ಅಪರ್ಣಾ ಎಂಬ ಅಚ್ಚಗನ್ನಡದ ದನಿ

ಕಳಸ, ಮೂಡಿಗೆರೆ ಕಡೆಯಿಂದ ಹೊರಟ ರಾತ್ರಿ ಬಸ್ಸು ನಸುಕಿಗೆ ಮೆಜೆಸ್ಟಿಕ್ ಸೇರುತ್ತದೆ. ಮನೆಯ ಕಾಫಿಪುಡಿ ಘಮಘಮಿಸುವ ಕೈಚೀಲ ಹೊತ್ತು ಮೆಟ್ರೋ ಏರುವ ಮಲೆನಾಡಿಗರನ್ನು ಬೆಂಗಳೂರಿನಲ್ಲಿ ಎದುರುಗೊಂಡದ್ದು ‘ಮುಂದಿನ ನಿಲ್ದಾಣ’ ಎನ್ನುವ ಸ್ಫಟಿಕಶುಭ್ರವಾದ ಒಂದು ದನಿ. ಮಹಾನಗರದ ಆ ದನಿ ತಮ್ಮದೇ ಚಿಕ್ಕಮಗಳೂರು ಜಿಲ್ಲೆಯ ಮಗಳದು ಎಂಬುದು ಎಷ್ಟೋ ಮಂದಿಗೆ ತಿಳಿದಿರಲಿಲ್ಲ! ಅವರೇ ಅಪರ್ಣಾ, ಕನ್ನಡ ನಿರೂಪಣೆಗೆ ಕಲೆಯ ಗೌರವ ತಂದುಕೊಟ್ಟ ಅಪೂರ್ವ ಪ್ರತಿಭೆ.

ಕಾಫಿ ಗಿರಿಗಳ ಮಗ್ಗುಲಿನ ಬಯಲುಸೀಮೆಯಲ್ಲಿ, ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ 1966ರಲ್ಲಿ ಅವರ ಜನನ. ತಂದೆ ಸಿನಿಮಾ ಪತ್ರಕರ್ತರು. ನಿರ್ದೇಶಕ ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ ‘ಮಸಣದ ಹೂವು’ ಮೂಲಕ ಅಪರ್ಣಾ ಬೆಳ್ಳಿತೆರೆ ಪ್ರವೇಶಿಸಿದರೂ ಅವರ ನಿಜವಾದ ರಂಗಸ್ಥಳ ಮೈಕಿನ ಮುಂದಿತ್ತು. ಆಕಾಶವಾಣಿಯಲ್ಲಿ ಪಳಗಿದ ಕಂಠ ತೊಂಬತ್ತರ ದಶಕದಲ್ಲಿ ದೂರದರ್ಶನದ ಮೂಲಕ ಮನೆಮನೆಯನ್ನು ಮುಟ್ಟಿತು. ಮಳೆಗಾಲದ ಗಾಳಿಗೆ ಸೂರಿನ ಮೇಲಿನ ಆಂಟೆನಾ ತಿರುಗಿ, ಪರದೆಯ ತುಂಬ ಚುಕ್ಕಿ ಕುಣಿಯುತ್ತಿದ್ದ ಕಾಲ ಅದು. ಚಿತ್ರ ಮಸುಕಾದರೂ ಮಾತು ಮಸುಕಾಗದಂತೆ ನೋಡಿಕೊಳ್ಳುವುದೇ ನಿರೂಪಕರ ಸಾಮರ್ಥ್ಯ.

ಆ ಸಾಮರ್ಥ್ಯದ ಮರ್ಮವನ್ನು ಕಿವಿಗೊಟ್ಟೇ ಅರಿಯಬೇಕು. ಅಪರ್ಣಾರ ಮಾತಿನಲ್ಲಿ ‘ಶ’, ‘ಷ’, ‘ಸ’ಗಳು ಒಂದರಲ್ಲೊಂದು ಬೆರೆಯುತ್ತಿರಲಿಲ್ಲ. ಮಹಾಪ್ರಾಣಕ್ಕೆ ಬೇಕಾದಷ್ಟೇ ಉಸಿರು. ವಾಕ್ಯದ ಕೊನೆಯ ಕ್ರಿಯಾಪದ ನುಂಗಿಹೋಗದೆ ಪೂರ್ಣವಾಗಿ ಕಿವಿಗೆ ಇಳಿಯುತ್ತಿತ್ತು. ಇಷ್ಟಾಗಿಯೂ ಅದು ಪಾಠ ಒಪ್ಪಿಸುವ ಗ್ರಾಂಥಿಕತೆಯಲ್ಲ, ಮನೆಯ ಜಗುಲಿಯಲ್ಲಿ ಕುಳಿತು ಆಡಿದಂಥ ಆಪ್ತತೆ. 1998ರ ದೀಪಾವಳಿ ಕಾರ್ಯಕ್ರಮಗಳನ್ನು ಎಂಟು ತಾಸು ನಿರಂತರವಾಗಿ ನಿರೂಪಿಸಿದ್ದು ಅವರ ದಾಖಲೆ. ಸರ್ಕಾರದ ಭವ್ಯ ಸಮಾರಂಭಗಳ ವೇದಿಕೆಗೂ ಅವರ ನಿರೂಪಣೆಯೇ ಶೋಭೆಯಾಗಿತ್ತು.

ಗಾಂಭೀರ್ಯವೇ ತನ್ನ ಮುದ್ರೆಯಾದ ಬಳಿಕ ಅದನ್ನೇ ನಗೆಗೆ ಒಡ್ಡುವುದು ಸುಲಭವಲ್ಲ. ಅಪರ್ಣಾ ಅದನ್ನೂ ಸಾಧಿಸಿದರು. ‘ಮೂಡಲ ಮನೆ’, ‘ಮುಕ್ತ’ ಧಾರಾವಾಹಿಗಳಲ್ಲಿ ಅಭಿನಯಿಸಿ, 2013ರಲ್ಲಿ ಕನ್ನಡ ಬಿಗ್ ಬಾಸ್‌ನ ಮೊದಲ ಆವೃತ್ತಿಗೆ ಹೋಗಿ ಬಂದ ಅವರು ‘ಮಜಾ ಟಾಕೀಸ್’ ಹಾಸ್ಯ ಕಾರ್ಯಕ್ರಮದ ವರಲಕ್ಷ್ಮಿಯಾಗಿ ನಾಡನ್ನು ನಗಿಸಿದರು. ಅಚ್ಚುಕಟ್ಟು ಕನ್ನಡದ ಅಪರ್ಣಾರನ್ನು ಮಾತ್ರ ಕಂಡಿದ್ದವರಿಗೆ ಬಡಾಯಿಯ ವರಲಕ್ಷ್ಮಿ ಒಂದು ಸಿಹಿ ಅಚ್ಚರಿ. ವಾಸ್ತುಶಿಲ್ಪಿ, ಲೇಖಕ ನಾಗರಾಜ ವಸ್ತಾರೆಯವರೊಂದಿಗಿನ ದಾಂಪತ್ಯ ಕಾಫಿ ಸೀಮೆಯ ವಸ್ತಾರೆ ಎಂಬ ಊರಿನ ಹೆಸರನ್ನೂ ಅವರ ಹೆಸರಿನೊಡನೆ ಬೆಸೆಯಿತು.

2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೋ ಹೊರಟಿತು. ದೇಶದ ನಾನಾ ಭಾಷೆಗಳು ಒತ್ತಾಗಿ ನಿಲ್ಲುವ ಬೋಗಿಯಲ್ಲಿ ನಿಲ್ದಾಣ ನಿಲ್ದಾಣಕ್ಕೂ ಕನ್ನಡವನ್ನು ಕೇಳಿಸುವ ಹೊಣೆ ಅಪರ್ಣಾರ ಕಂಠದ್ದಾಯಿತು. ಭಾಷೆ ಅರಿಯದವರ ಕಿವಿಗೂ ಅದರ ನಾದ ಪರಿಚಿತವಾಯಿತು.

ಶ್ವಾಸಕೋಶದ ಕ್ಯಾನ್ಸರ್‌ನಿಂದ 2024ರ ಜುಲೈ 11ರಂದು ಅವರು ಅಗಲಿದರು. ಉಸಿರಿನ ಹದವನ್ನೇ ಕಲೆಯಾಗಿಸಿಕೊಂಡವರಿಗೆ ಉಸಿರಿನ ನೆಲೆಯಲ್ಲೇ ವ್ಯಾಧಿ. ಮರುದಿನ ಬೆಳಗ್ಗೆ ಎಂದಿನಂತೆ ರೈಲು ಹೊರಟಿತು. ‘ಮುಂದಿನ ನಿಲ್ದಾಣ’ ಎಂದಿತು ದನಿ. ಅಂದು, ಫೋನಿನಿಂದ ತಲೆಯೆತ್ತಿ, ಆ ಮಾತು ಮುಗಿಯುವವರೆಗೂ ಕೇಳಿಸಿಕೊಂಡವರು ಎಷ್ಟು ಜನವೋ.