ಟಿಕೆಟ್ ಕೊಡುವವರು ಯಾರು?

ಪ್ರಶ್ನೆ: ಮಗನ ಮನೀಗಂತ ನಾನೂ ನಮ್ಮ ಮನಿಯವರೂ ಲಂಡನ್ನಿಗೆ ಹೊಂಟೀವಿ. ಅಲ್ಲಿ ಬಸ್ಸಿನೊಳಗ ಕಂಡಕ್ಟರ್ ಇರೂದಿಲ್ಲಂತ. ಮತ್ತ ಟಿಕೆಟ್ ಯಾರು ಕೊಡ್ತಾರ?
– ಓದುಗರೊಬ್ಬರು, ಮೂಡಲಗಿ

ಉತ್ತರ: ಯಾರೂ ಕೊಡುವುದಿಲ್ಲ. 2014ರ ಜುಲೈನಿಂದ ಅಲ್ಲಿನ ಕೆಂಪು ಬಸ್ಸುಗಳಲ್ಲಿ ನಗದೇ ನಡೆಯದು. ಮುಂದಿನ ಬಾಗಿಲಿನಿಂದ ಹತ್ತಿ, ಡ್ರೈವರ್ ಪಕ್ಕದ ಹಳದಿ ಗುಂಡಿಗೆ ಕಾರ್ಡ್ ಮುಟ್ಟಿಸಿದರೆ ಕೀಂ ಎನ್ನುತ್ತದೆ, ಅಷ್ಟೇ. ಆಯ್ಸ್ಟರ್ ಕಾರ್ಡ್ ಆದೀತು. ವಿದೇಶದಲ್ಲಿ ನಡೆಯುವ ಬ್ಯಾಂಕ್ ಕಾರ್ಡೂ ಆದೀತು. ಗೋಕಾಕದಿಂದ ಹುಕ್ಕೇರಿಗೆ ಹೋಗುವಾಗ ಒಬ್ಬರೇ ಇಬ್ಬರ ದುಡ್ಡು ಕೊಟ್ಟಂತೆ ಅಲ್ಲಾಗದು. ಒಂದು ಕಾರ್ಡಿಗೆ ಒಬ್ಬರೇ. ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆಯುವ ರೂಢಿಯನ್ನಂತೂ ಊರಲ್ಲೇ ಬಿಟ್ಟು ಹೋಗಿ!

ದೂರ ಎಷ್ಟಾದರೂ ಬಸ್ಸಿಗೆ ಒಂದೇ ದರ. ಒಂದು ಗಂಟೆಯೊಳಗೆ ಇನ್ನೊಂದು ಬಸ್ ಹತ್ತಿದರೆ ಮತ್ತೆ ದುಡ್ಡಿಲ್ಲ. ನೆಲದಡಿಯ ರೈಲಿಗೆ ಮಾತ್ರ ಒಳಹೋಗುವಾಗಲೂ ಹೊರಬರುವಾಗಲೂ ಮುಟ್ಟಿಸಬೇಕು, ಮರೆತರೆ ಗರಿಷ್ಠ ದರ ಕಡಿತ. ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲಿ, ಎಡಭಾಗ ಅವಸರದವರದು.

ಮೊದಲ ಸವಾರಿ ವಾಕ್ಸ್‌ಹಾಲ್ ನಿಲ್ದಾಣಕ್ಕೇ ಆಗಲಿ. ಅಲ್ಲಿಂದ ಥೇಮ್ಸ್ ದಂಡೆ ಹಿಡಿದು ನಡೆದರೆ, 2015ರ ನವೆಂಬರಿನಲ್ಲಿ ಅನಾವರಣಗೊಂಡ ನಮ್ಮ ಬಸವಣ್ಣನವರ ಪ್ರತಿಮೆ ಸಿಗುತ್ತದೆ.